ಮೇಕಪ್ ಕುಂಚ ಹಿಡಿಯುವ ಹಕ್ಕು

ಭಾರತೀಯ ಚಿತ್ರರಂಗದಲ್ಲಿ ನಟನಟಿಯರಿಗೆ ಬಣ್ಣ ಹಚ್ಚುವ ಪ್ರಸಾಧನ ಕಲಾವಿದರು, ಕೇಶಾಲಂಕಾರ ಮಾಡುವವರು ಮತ್ತು ವಸ್ತ್ರವಿನ್ಯಾಸಕರು ಒಂದೇ ತೆರೆಯ ಹಿಂದೆ ದುಡಿಯುವವರಾದರೂ ಅವರ ವೃತ್ತಿಗಳು ಒಂದೇ ದಾರಿಯಲ್ಲಿ ಬೆಳೆದು ಬಂದಿಲ್ಲ. ಕೊಲ್ಹಾಪುರದಲ್ಲಿ ಹುಟ್ಟಿದ ಭಾನು ಅಥೈಯಾ 1956ರ ‘ಸಿ.ಐ.ಡಿ.’ಯಂಥ ಮುಂಬಯಿಯ ಹಿಂದಿ ಚಿತ್ರಗಳಿಗೆ ಉಡುಪು ವಿನ್ಯಾಸಗೊಳಿಸುತ್ತ ಹೆಸರು ಮಾಡಿ, ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ 1983ರಲ್ಲಿ ಜಾನ್ ಮೊಲ್ಲೊ ಅವರೊಂದಿಗೆ ಆಸ್ಕರ್ ಹಂಚಿಕೊಂಡು, ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು. ಅದೇ ಮುಂಬಯಿಯಲ್ಲಿ, ಅದೇ ವರ್ಷಗಳಲ್ಲಿ, ಪ್ರಸಾಧನ ಕಲಾವಿದೆ ಎಂಬ ಹೆಸರಿನಲ್ಲಿ ಕೆಲಸ ಮಾಡಲು ಮಹಿಳೆಯೊಬ್ಬಳಿಗೆ ಅನುಮತಿಯೇ ಇರಲಿಲ್ಲ.

ಈ ನಿಷೇಧ ಸರ್ಕಾರದ ಕಾನೂನಾಗಿರಲಿಲ್ಲ, ಕಾರ್ಮಿಕ ಸಂಘದ ನಿಯಮವಾಗಿತ್ತು. ಮುಂಬಯಿಯ ಚಿತ್ರೋದ್ಯಮದಲ್ಲಿ ಪ್ರತಿಯೊಂದು ಕಸುಬಿಗೂ ಅದರದೇ ಸಂಘವಿದ್ದು, ಸಂಘ ಕೊಡುವ ಸದಸ್ಯತ್ವದ ಕಾರ್ಡು ಇಲ್ಲದವರು ಚಿತ್ರೀಕರಣದ ಸ್ಥಳದಲ್ಲಿ ಕೆಲಸಕ್ಕೆ ನಿಲ್ಲುವುದು ಕಷ್ಟ. ವಸ್ತ್ರಾಲಂಕಾರ, ಪ್ರಸಾಧನ ಮತ್ತು ಕೇಶಾಲಂಕಾರದ ಕೆಲಸಗಾರರ ಸಂಘವು ಪ್ರಸಾಧನದ ಕಾರ್ಡನ್ನು ಪುರುಷರಿಗೆ ಮಾತ್ರ ಕೊಡುತ್ತಿತ್ತು; ಮಹಿಳೆಯರಿಗೆ ಉಳಿದದ್ದು ಕೇಶಾಲಂಕಾರದ ಕಾರ್ಡು. ಮಹಿಳೆಯರೂ ಪ್ರಸಾಧನಕ್ಕೆ ಬಂದರೆ ಪುರುಷರ ಹೊಟ್ಟೆಪಾಡಿಗೆ ಕುತ್ತು ಬರುತ್ತದೆ ಎಂಬುದು ಇದಕ್ಕೆ ಕೊಡುತ್ತಿದ್ದ ಸಮರ್ಥನೆ. ದುಡಿಯುವವರ ರಕ್ಷಣೆಗೆಂದೇ ಹುಟ್ಟಿದ ಸಂಘವೊಂದು ದುಡಿಯಲು ಬಂದವರಿಗೆ ಬಾಗಿಲು ಹಾಕಿ, ಸುಮಾರು ಆರು ದಶಕಗಳ ಕಾಲ ಅದನ್ನೇ ಪದ್ಧತಿಯೆಂದು ನಡೆಸಿಕೊಂಡು ಬಂದದ್ದು ಅನ್ಯಾಯವಲ್ಲದೆ ಬೇರೇನೂ ಅಲ್ಲ.

ಹೀಗೆ ಕಾಯ್ದಿರಿಸಿಕೊಂಡಿದ್ದ ಕೆಲಸವಾದರೂ ಎಂಥದು ಎಂಬುದನ್ನು ಹತ್ತಿರದಿಂದ ನೋಡಬೇಕು. ಚರ್ಮವನ್ನು ಶುಚಿಗೊಳಿಸಿ, ಮುಖದ ಬಣ್ಣಕ್ಕೆ ಹೊಂದುವ ಫೌಂಡೇಶನ್, ಅಂದರೆ ಇಡೀ ಮುಖವನ್ನು ಒಂದೇ ಹದಕ್ಕೆ ತರುವ ತಳಬಣ್ಣವನ್ನು, ಕನ್ನಡಿಯ ಬೆಳಕಿಗಲ್ಲದೆ ಕ್ಯಾಮೆರಾದ ಮುಂದಿನ ಬೆಳಕಿಗೆ ತಕ್ಕಂತೆ ಆರಿಸಬೇಕು. ಕುತ್ತಿಗೆ ಮತ್ತು ಕಿವಿಯ ಹಿಂಭಾಗಕ್ಕೂ ಅದನ್ನು ಹಚ್ಚದಿದ್ದರೆ ತೆರೆಯ ಮೇಲೆ ಮುಖವೇ ಬೇರೆ, ಮೈಯೇ ಬೇರೆಯಾಗಿ ಕಾಣುತ್ತದೆ. ವಿಗ್ಗಿನ ಅಂಚಿನ ತೆಳು ಜಾಲರಿಯನ್ನು ಹಣೆಗೆ ಅಂಟಿಸಿ, ಅಂಟಿಸಿದ ಗುರುತು ಕಾಣದಂತೆ ಅದರ ಮೇಲೆ ಬಣ್ಣ ಕೂಡಿಸಬೇಕು. ಕಥೆಯ ದೃಶ್ಯಗಳು ಅನುಕ್ರಮವಾಗಿ ಚಿತ್ರೀಕರಣಗೊಳ್ಳುವುದಿಲ್ಲವಾದ್ದರಿಂದ, ಇಂದು ಹಚ್ಚಿದ ಕುಂಕುಮದ ಗಾತ್ರ, ಗಾಯದ ಗುರುತಿನ ಉದ್ದ, ಬೆವರಿಗೆ ಕದಡಿದ ಕಾಡಿಗೆಯ ರೀತಿ ಇವೆಲ್ಲವನ್ನೂ ಫೋಟೊ ತೆಗೆದಿಟ್ಟುಕೊಂಡು, ವಾರಗಳ ನಂತರ ಅದೇ ದೃಶ್ಯ ಮುಂದುವರಿಯುವಾಗ ಹಾಗೆಯೇ ಮೂಡಿಸಬೇಕು. ಈ ಹೊಂದಾಣಿಕೆಯನ್ನು ಚಿತ್ರರಂಗದವರು ಕಂಟಿನ್ಯುಟಿ ಎನ್ನುತ್ತಾರೆ. ಕಣ್ಣು, ಕೈ ಮತ್ತು ನೆನಪು ಬೇಡುವ ಈ ವಿದ್ಯೆಯಲ್ಲಿ ಗಂಡಸಿಗಷ್ಟೇ ಸಾಧ್ಯವಾಗುವಂಥದ್ದು ಒಂದೂ ಇಲ್ಲ.

ಅಮೆರಿಕದಲ್ಲಿ ಪ್ರಸಾಧನ ಕಲೆಯ ತರಬೇತಿ ಪಡೆದು ಬಂದ ಚಾರು ಖುರಾನಾ ಸದಸ್ಯತ್ವಕ್ಕೆ ಅರ್ಜಿ ಹಾಕಿದಾಗ, ಆಕೆ ಮಹಿಳೆ ಎಂಬ ಕಾರಣಕ್ಕೂ, ಮಹಾರಾಷ್ಟ್ರದಲ್ಲಿ ಐದು ವರ್ಷ ವಾಸವಿರಲಿಲ್ಲ ಎಂಬ ಕಾರಣಕ್ಕೂ ಅದು ತಿರಸ್ಕೃತವಾಯಿತು. ಆಕೆ ಮತ್ತು ಸಹ ಅರ್ಜಿದಾರರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ನ್ಯಾಯಮೂರ್ತಿ ದೀಪಕ್ ಮಿಶ್ರಾ ಮತ್ತು ನ್ಯಾಯಮೂರ್ತಿ ಯು.ಯು. ಲಲಿತ್ ಅವರ ಪೀಠವು 2014ರ ನವೆಂಬರ್ 10ರಂದು ಕೊಟ್ಟ ತೀರ್ಪಿನಲ್ಲಿ ಈ ಎರಡೂ ನಿಯಮಗಳನ್ನು ರದ್ದುಪಡಿಸಿತು. ಸಮಾನತೆ, ಇಷ್ಟದ ವೃತ್ತಿ ಕೈಗೊಳ್ಳುವ ಸ್ವಾತಂತ್ರ್ಯ ಮತ್ತು ಘನತೆಯಿಂದ ಬದುಕುವ ಹಕ್ಕು, ಅಂದರೆ ಸಂವಿಧಾನದ 14, 19 ಮತ್ತು 21ನೇ ವಿಧಿಗಳು ನೀಡುವ ಭರವಸೆಗಳು, ನೋಂದಾಯಿತ ಕಾರ್ಮಿಕ ಸಂಘದ ಬೈಲಾದ ಎದುರಿನಲ್ಲಿ ಮಣಿಯುವಂಥವಲ್ಲ ಎಂಬುದು ಆ ತೀರ್ಪಿನ ತಿರುಳು.

ಅದೇ 2014ರ ಚಿತ್ರಗಳಿಗೆ ಸಂದ ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ ‘ನಾನು ಅವನಲ್ಲ... ಅವಳು’ ಚಿತ್ರದ ನಾಯಕ ಸಂಚಾರಿ ವಿಜಯ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂದರೆ, ಅದರ ಪ್ರಸಾಧನಕ್ಕಾಗಿ ನಾಗರಾಜು ಮತ್ತು ರಾಜು ಅವರಿಗೆ ಶ್ರೇಷ್ಠ ಪ್ರಸಾಧನ ಪ್ರಶಸ್ತಿ ಬಂತು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಲು ಹೊರಟ ಪಾತ್ರವನ್ನು ಅಣಕವಾಗದಂತೆ, ಅತಿರೇಕವಿಲ್ಲದೆ ಮುಖದ ಮೇಲೆ ಮೂಡಿಸಿದ ಆ ಕೆಲಸಕ್ಕೆ ನಟನಷ್ಟೇ ಗೌರವ ಸಂದದ್ದು ಉಚಿತವಾಗಿಯೇ ಇತ್ತು.

ಕಲಿಕೆಯ ವಿಷಯದಲ್ಲಿ ಈ ಕಸುಬುಗಳ ನಡುವಿನ ಅಂತರ ಇನ್ನೂ ದೊಡ್ಡದು. ಉಡುಪು ವಿನ್ಯಾಸ ಕಲಿಯುವವರಿಗೆ 1986ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಮುಂದೆ ಬೆಂಗಳೂರಿಗೂ ಬಂದ ನಿಫ್ಟ್, ಎಂದರೆ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಪದವಿ ಕೊಡುತ್ತದೆ. ಪ್ರಸಾಧನ ಕಲಾವಿದರಲ್ಲಿ ಹೆಚ್ಚಿನವರು ಹಿರಿಯರ ಕೈಕೆಳಗೆ ಟಚ್‌ಅಪ್ ಸಹಾಯಕರಾಗಿ, ದೃಶ್ಯ ದೃಶ್ಯದ ನಡುವೆ ಬೆವರೊರೆಸಿ ಪೌಡರ್ ಹಚ್ಚುತ್ತ ಕೆಲಸ ಕಲಿತವರು. ಸಣ್ಣ ಊರುಗಳಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಮಹಿಳೆಯರಿಗೆ ಆದಾಯದ ಮುಖ್ಯ ಮೂಲ ವಧುವಿನ ಅಲಂಕಾರವಾಗಿದ್ದು, ಮುಹೂರ್ತಗಳಿರುವ ತಿಂಗಳುಗಳಲ್ಲಿ ನಸುಕಿನಿಂದಲೇ ಬಿಡುವಿಲ್ಲದೆ ದುಡಿಯುವ ಅವರಿಗೆ ಆಷಾಢ ಮತ್ತು ಧನುರ್ಮಾಸ ಬಂತೆಂದರೆ ಮದುವೆಗಳಿಲ್ಲದೆ ಆದಾಯ ತಗ್ಗುತ್ತದೆ.

ಬಾಗಿಲು ತೆರೆದ ಮಾತ್ರಕ್ಕೆ ಒಳಗಿನ ಕೆಲಸ ಸುಗಮವಾಗಿಬಿಡುವುದಿಲ್ಲ. 2024ರ ಆಗಸ್ಟಿನಲ್ಲಿ ಬಹಿರಂಗವಾದ ಕೇರಳದ ಹೇಮಾ ಸಮಿತಿಯ ವರದಿಯು, ಮಲಯಾಳಂ ಚಿತ್ರೀಕರಣದ ಸ್ಥಳಗಳಲ್ಲಿ ಮಹಿಳೆಯರಿಗೆ ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆಗಳಿಲ್ಲದಿರುವುದನ್ನೂ, ಲಿಖಿತ ಕರಾರಿಲ್ಲದೆ ದುಡಿಸಿಕೊಳ್ಳುವುದನ್ನೂ ಎತ್ತಿ ತೋರಿಸಿತು. ಬಾಯಿಮಾತಿನ ಮೇಲೆ ಗೊತ್ತುಮಾಡಿದ ಸಂಬಳ ಚಿತ್ರ ಅರ್ಧಕ್ಕೆ ನಿಂತಾಗ ಕೈಸೇರುವ ಖಾತರಿಯಿಲ್ಲ. ಕರ್ನಾಟಕದಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆಂದು 2024ರಲ್ಲಿ ಕಾನೂನು ರೂಪುಗೊಂಡಿದ್ದು, ಸಿನಿಮಾ ಟಿಕೆಟಿನ ಮೇಲೆ ಶೇ. 1ರಿಂದ 2ರವರೆಗೆ ಸೆಸ್ ವಿಧಿಸಿ ಕಲ್ಯಾಣ ನಿಧಿ ಕಟ್ಟಲು ಅದು ಅವಕಾಶ ಕೊಡುತ್ತದೆ. ಆ ನಿಧಿಯ ಪ್ರಯೋಜನ ಪೋಸ್ಟರಿನಲ್ಲಿ ಹೆಸರಿಲ್ಲದ ಟಚ್‌ಅಪ್ ಸಹಾಯಕರಿಗೂ ಕೇಶಾಲಂಕಾರದ ಮಹಿಳೆಯರಿಗೂ ಮೊದಲು ತಲುಪಬೇಕು. ಈ ವೃತ್ತಿಗೆ ಕಾಲಿಡಲಿರುವ ಹೆಣ್ಣುಮಕ್ಕಳು ಮತ್ತು ಅವರ ಮನೆಯವರು ಕೋರ್ಸಿನ ಶುಲ್ಕ ವಿಚಾರಿಸುವಾಗಲೇ ಸಂಘದ ಸದಸ್ಯತ್ವ, ದುಡಿಮೆಯ ಗಂಟೆಗಳು ಮತ್ತು ಸಂಬಳದ ಕರಾರಿನ ಬಗ್ಗೆಯೂ ವಿಚಾರಿಸಲಿ, ಒಪ್ಪಿದ ಮಾತನ್ನು ಕಾಗದದ ಮೇಲೆ ಬರೆಸಿಕೊಂಡೇ ಕೆಲಸ ಆರಂಭಿಸಲಿ.