‘ಶೇ. 98 ಗ್ರಾಹಕರು ಸಂತೃಪ್ತರು’ ಎನ್ನುವ ಸೈಟಿನ ಜಾಹೀರಾತನ್ನು ಹೇಗೆ ಓದಬೇಕು?

ಓದುಗರು ನಮಗೆ ಕಳಿಸುವ ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಒಂದು ಬಗೆಯದು ಇತ್ತೀಚೆಗೆ ಮತ್ತೆ ಮತ್ತೆ ಕಾಣುತ್ತಿದೆ. ದೊಡ್ಡ ಕಮಾನು, ಅದರ ಹಿಂದೆ ಹಸಿರು ಹುಲ್ಲು, ನಗುತ್ತಿರುವ ಒಂದು ಕುಟುಂಬ. ಕೆಳಗೆ ‘ಹೆಬ್ಬಳ್ಳಿ ರಸ್ತೆಗೆ ಹತ್ತಿರ, ಧಾರವಾಡಕ್ಕೆ ಕೆಲವೇ ನಿಮಿಷ’ ಎಂಬ ಸಾಲು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ‘ನಮ್ಮ ಸಮೀಕ್ಷೆಯಲ್ಲಿ ಶೇ. 98 ಗ್ರಾಹಕರು ಸಂತೃಪ್ತರು!’ ಜೊತೆಗೆ ಓದುಗರ ಪ್ರಶ್ನೆ: ಇದು ಖರೇನೋ, ಸುಳ್ಳೋ?

ಸುಳ್ಳಾಗಿರಬೇಕಿಲ್ಲ. ಸಮೀಕ್ಷೆ ನಿಜವಾಗಿಯೂ ನಡೆದಿರಬಹುದು, ನೂರಕ್ಕೆ 98 ಜನ ಖುಷಿಯಾಗಿದ್ದೇವೆ ಎಂದು ಹೇಳಿಯೂ ಇರಬಹುದು. ಆದರೂ ಆ ಸಂಖ್ಯೆ ನಿಮಗೆ ಏನನ್ನೂ ಹೇಳದೆ ಇರಬಹುದು. ಅದು ಹೇಗೆ ಅನ್ನುವುದಕ್ಕೆ ನಮ್ಮ ತಂಡದ ಒಬ್ಬರ ಮನೆಯ ಕಥೆಯಿಂದಲೇ ಶುರು ಮಾಡುತ್ತೇವೆ.

ಅವರ ತಂದೆ ನಿವೃತ್ತ ಶಿಕ್ಷಕರು. ನಿವೃತ್ತಿಯ ಹಣದಲ್ಲಿ ಊರಾಚೆಯ ಒಂದು ಲೇಔಟಿನಲ್ಲಿ ಸೈಟು ತೆಗೆದುಕೊಂಡರು. ನೋಂದಣಿಯ ದಿನ ಕಂಪನಿಯವರೇ ಕಾರು ಕಳಿಸಿದರು, ಕಚೇರಿಯ ಕೆಲಸವೆಲ್ಲ ಮುಗಿಸಿಕೊಟ್ಟರು, ಪೇಢೆಯ ಡಬ್ಬಿ ಕೈಗಿಟ್ಟರು. ವಾಪಸ್ ಬರುವಾಗ ಕಾರಿನಲ್ಲೇ ಹುಡುಗನೊಬ್ಬ ಮೊಬೈಲ್ ಮುಂದೆ ಹಿಡಿದ: ‘ಸರ್, ಹೆಂಗನ್ನಿಸ್ತ್ರೀ ನಮ್ಮ ಸರ್ವಿಸು? ಇಲ್ಲಿ ಒಂದೀಟು ಸ್ಟಾರ್ ಒತ್ತಿಬಿಡ್ರಿ.’ ಅವರು ಐದೂ ಸ್ಟಾರ್ ಒತ್ತಿದರು. ಒತ್ತದೆ ಏನು ಮಾಡುತ್ತಾರೆ? ಆ ದಿನ ಅವರು ನಿಜವಾಗಿಯೂ ಸಂತೋಷವಾಗಿದ್ದರು.

ಎರಡು ವರ್ಷದ ನಂತರವೂ ಅಲ್ಲಿನ ಗಟಾರ ಅರ್ಧಕ್ಕೆ ನಿಂತಿದೆ. ಕಂಬಗಳಿವೆ, ತಂತಿ ಇಲ್ಲ. ಖಾತೆಗಾಗಿ ಅಲೆದಾಟ ಮುಗಿದಿಲ್ಲ. ಈ ನಡುವೆ ‘ಹೆಂಗನ್ನಿಸ್ತ್ರೀ’ ಎಂದು ಯಾರೂ ಫೋನ್ ಮಾಡಿಲ್ಲ. ಆ ಕಂಪನಿಯ ಲೆಕ್ಕದಲ್ಲಿ ಅವರು ಇವತ್ತಿಗೂ ಐದು ಸ್ಟಾರಿನ ಸಂತೃಪ್ತ ಗ್ರಾಹಕರು.

ಒಂದು ಸಣ್ಣ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಕಂಪನಿ 400 ಸೈಟು ಮಾರಿದೆ. ನೋಂದಣಿ ಮುಗಿದ 250 ಜನರಿಗೆ ಮಾತ್ರ ಫಾರ್ಮ್ ಕಳಿಸಿತು. ಅದರಲ್ಲಿ 50 ಜನ ತುಂಬಿದರು. 49 ಜನ ‘ಚೆನ್ನಾಗಿದೆ’ ಎಂದರು. ಐವತ್ತರಲ್ಲಿ ನಲವತ್ತೊಂಬತ್ತು ಅಂದರೆ ಶೇ. 98. ಜಾಹೀರಾತು ಸಿದ್ಧ.

ಈಗ ಅದೇ 49ನ್ನು 400ರಿಂದ ಭಾಗಿಸಿ. ಶೇ. 12 ಚಿಲ್ಲರೆ ಬರುತ್ತದೆ. ಹಾಗಂತ ಉಳಿದವರೆಲ್ಲ ಸಿಟ್ಟಾಗಿದ್ದಾರೆ ಎಂದು ಹೇಳುವುದೂ ತಪ್ಪು. ಆ 350 ಜನರ ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳಿಲ್ಲ, ಅಥವಾ ಕೇಳಿದರೂ ಅವರು ಹೇಳಿಲ್ಲ, ಅಷ್ಟೆ. ಅವರೆಲ್ಲ ಬೇಸರದಲ್ಲಿದ್ದರೆ ನಿಜವಾದ ತೃಪ್ತಿ ಶೇ. 12, ಅವರೆಲ್ಲ ಖುಷಿಯಲ್ಲಿದ್ದರೆ ಶೇ. 99ಕ್ಕೂ ಹೆಚ್ಚು. ಸತ್ಯ ಈ ಎರಡರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಇಷ್ಟು ಅಗಲವಾದ ಬಾಗಿಲಿನಲ್ಲಿ ಆನೆಯೂ ಹೋಗುತ್ತದೆ, ಇಲಿಯೂ ಹೋಗುತ್ತದೆ.

ಇನ್ನೊಂದನ್ನು ಗಮನಿಸಿ. ಮುಂಗಡ ಕೊಟ್ಟು ನೋಂದಣಿಯಾಗದೆ ಕಾಯುತ್ತಿರುವವರು, ಜಗಳವಾಡಿ ಹಣ ವಾಪಸ್ ಪಡೆದವರು, ಸೈಟು ನೋಡಿ ಬೇಡವೆಂದು ಹೋದವರು ಈ ಪಟ್ಟಿಯಲ್ಲೇ ಇಲ್ಲ. ವ್ಯವಹಾರದ ನಿಜವಾದ ತೊಂದರೆ ಗೊತ್ತಿರುವುದು ಅವರಿಗೇ.

ಹೆಚ್ಚು ಜನರನ್ನು ಕೇಳಿದರೆ ಸರಿಹೋಗುತ್ತದೆಯೇ? ಅದೂ ಇಲ್ಲ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿತು. ಸುಮಾರು 24 ಲಕ್ಷ ಉತ್ತರ ಬಂದವು. ಅಷ್ಟನ್ನೂ ಎಣಿಸಿ, ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46 ಅವರ ಪಾಲಾದವು. ಪತ್ರಿಕೆ ವಿಳಾಸಗಳನ್ನು ಹೆಕ್ಕಿದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ. ಆ ಕಷ್ಟದ ಕಾಲದಲ್ಲಿ ಫೋನು, ಕಾರು ಇದ್ದವರು ಯಾರು ಎಂದು ನೀವೇ ಊಹಿಸಿ. ಜೊತೆಗೆ, ಕಷ್ಟಪಟ್ಟು ಚೀಟಿ ತುಂಬಿ ವಾಪಸ್ ಕಳಿಸಿದವರು ಒಂದು ಬಗೆಯವರು, ಕಳಿಸದವರು ಇನ್ನೊಂದು ಬಗೆಯವರು. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಎಂಬಾತ ಸುಮಾರು 50 ಸಾವಿರ ಜನರನ್ನು ಕೇಳಿ ಗೆಲ್ಲುವವರನ್ನು ಸರಿಯಾಗಿ ಹೇಳಿದ.

ಕೇಳುವವರು ಯಾರು, ಕೇಳುವುದು ಯಾವಾಗ

ಸೈಟು ಮಾರಿದ ಹುಡುಗನೇ ಎದುರು ಕೂತು ‘ಹೆಂಗಿತ್ರೀ’ ಎಂದರೆ ನಮ್ಮ ಕಡೆ ಯಾರು ಮುಖಕ್ಕೆ ಹೊಡೆದಂತೆ ‘ಛಲೋ ಇಲ್ಲ’ ಅನ್ನುತ್ತಾರೆ? ಚಹಾ ಕುಡಿಸಿದವರ ಮುಂದೆ ಕೆಟ್ಟದ್ದು ಹೇಳಬಾರದು ಎನ್ನುವುದು ನಮ್ಮ ಸಂಸ್ಕಾರ. ಸಮೀಕ್ಷೆಗೆ ಆ ಸಂಸ್ಕಾರವೇ ದೋಷ. ಹಾಗಾಗಿ ಉತ್ತರ ಪಡೆಯಬೇಕಾದವರು ಮಾರಾಟದವರಲ್ಲ, ಹೆಸರು ಬರೆಯಿಸದ ಫಾರ್ಮ್ ಆದರೆ ಇನ್ನೂ ಒಳ್ಳೆಯದು.

ಸಮಯದ ಮಾತು ಇನ್ನೂ ಮುಖ್ಯ. ಧಾರವಾಡದಿಂದ ಪೂರ್ವಕ್ಕೆ ಹೋದಂತೆ ಎರೆ ಮಣ್ಣು ಸಿಗುತ್ತದೆ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅಡಿಪಾಯ ಸರಿಯಿಲ್ಲದ ಕಾಂಪೌಂಡು, ಗೋಡೆ, ರಸ್ತೆಯ ಬಣ್ಣ ಬಯಲಾಗುವುದು ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆಯೇ. ಕೀಲಿಕೈ ಕೊಟ್ಟ ದಿನ ಕೇಳುವ ಪ್ರಶ್ನೆಗೆ ಆ ಬಿರುಕು ಉತ್ತರ ಕೊಡಲಾರದು.

ಕಾನೂನೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ, ಅಂದರೆ ರೇರಾ ಕಾಯ್ದೆಯ 14ನೇ ಕಲಮಿನ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆ, ಕೆಲಸ, ಗುಣಮಟ್ಟ ಅಥವಾ ಸೇವೆಯಲ್ಲಿ ದೋಷ ಕಂಡು ನೀವು ತಿಳಿಸಿದರೆ, ಡೆವಲಪರ್ ಬೇರೆ ಹಣ ಕೇಳದೆ 30 ದಿನದಲ್ಲಿ ಸರಿಪಡಿಸಬೇಕು. ದೋಷ ಕಾಣಲು 5 ವರ್ಷ ಬೇಕಾಗಬಹುದೆಂದು ಕಾನೂನೇ ಒಪ್ಪಿರುವಾಗ, ಮೊದಲ ದಿನದ ಸ್ಟಾರಿಗೆ ಎಷ್ಟು ಬೆಲೆ?

ನಮ್ಮೂರಲ್ಲೇ ನಡೆದ ಒಂದು ಸಮೀಕ್ಷೆ

ಸರಿಯಾಗಿ ಕೇಳುವುದು ಹೇಗೆ ಎಂದು ನೋಡಲು ದೂರ ಹೋಗಬೇಕಿಲ್ಲ. 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ಪ್ರಾಯೋಗಿಕವಾಗಿ ದಿನದ 24 ಗಂಟೆ ನೀರು ಬಂತು. ಉಳಿದ ವಾರ್ಡುಗಳಲ್ಲಿ ಹಲವು ದಿನಕ್ಕೊಮ್ಮೆ ನೀರು, ಬ್ಯಾರೆಲ್ಲು, ಕಾಯುವಿಕೆ. ಅದನ್ನು ಈ ಊರಿನವರಿಗೆ ನಾವು ವಿವರಿಸಬೇಕಿಲ್ಲ. ಇದರಿಂದ ಮಕ್ಕಳ ಆರೋಗ್ಯ ಸುಧಾರಿಸಿತೇ ಎಂದು ತಿಳಿಯಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರ ತಂಡ ಇಲ್ಲಿ ಮನೆ ಮನೆ ಸುತ್ತಿತು.

24 ಗಂಟೆ ನೀರಿದ್ದ 8 ವಾರ್ಡು, ಅವಕ್ಕೆ ಹೋಲುವ ಆದರೆ ಆ ನೀರಿಲ್ಲದ 8 ವಾರ್ಡು. ಐದು ವರ್ಷದೊಳಗಿನ ಮಕ್ಕಳಿರುವ 3,922 ಮನೆ. 2010ರ ನವೆಂಬರ್‌ನಿಂದ 2012ರ ಫೆಬ್ರುವರಿವರೆಗೆ ನಾಲ್ಕು ಸುತ್ತು. 2015ರಲ್ಲಿ ‘ಪ್ಲಾಸ್ ಮೆಡಿಸಿನ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಒಟ್ಟಾರೆ ಮಕ್ಕಳ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಕ್ಕಿರಲಿಲ್ಲ. ಬಡ ಮನೆಗಳಲ್ಲಿ ರಕ್ತಭೇದಿ ಕಡಿಮೆಯಿತ್ತು. ಜಾಹೀರಾತಿಗೆ ಹಾಕಿಕೊಳ್ಳುವಂಥ ಚಂದದ ಸಂಖ್ಯೆಯಲ್ಲ ಇದು. ಅದಕ್ಕೇ ನಾವು ಇದನ್ನು ನಂಬುತ್ತೇವೆ.

ಸೈಟಿನ ವ್ಯವಹಾರಕ್ಕೂ ನೀರಿನ ಸಂಶೋಧನೆಗೂ ಏನು ಸಂಬಂಧ ಎನ್ನಬಹುದು. ಇಷ್ಟೇ: ಸೌಲಭ್ಯ ಸಿಕ್ಕವರನ್ನಷ್ಟೇ ಅಲ್ಲ, ಸಿಗದವರನ್ನೂ ಕೇಳಿದರು, ಒಮ್ಮೆ ಕೇಳಿ ಕೈತೊಳೆದುಕೊಳ್ಳದೆ ಮತ್ತೆ ಮತ್ತೆ ಅದೇ ಬಾಗಿಲಿಗೆ ಬಂದರು, ‘ತೃಪ್ತಿ ಇದೆಯಾ’ ಎಂದು ಕೇಳಿ ಬಿಡದೆ, ಮನೆಯಲ್ಲಿ ನಿಜಕ್ಕೂ ಏನಾಗಿದೆ ಎಂದು ಕೇಳಿದರು. ನೂರು ಸೈಟು ಮಾರುವ ಸಣ್ಣ ಕಂಪನಿಗೂ ಈ ಮೂರೂ ಸಾಧ್ಯ. ಅದಕ್ಕೆ ವಿಶ್ವವಿದ್ಯಾಲಯ ಬೇಕಿಲ್ಲ, ಒಂದು ಫೋನು ಮತ್ತು ಒಂದು ನೋಟ್‌ಬುಕ್ ಸಾಕು.

ಹಾಗಾದರೆ ಕಂಪನಿಗಳು ಸಮೀಕ್ಷೆ ಮಾಡಲೇಬಾರದೇ?

ಮಾಡಬೇಕು. ಸೈಟು, ಮನೆಯನ್ನು ಜನ ಬದುಕಿನಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು ಸಲ ಕೊಳ್ಳುತ್ತಾರೆ. ಕಿರಾಣಿ ಅಂಗಡಿಯವರಿಗೆ ಗಿರಾಕಿ ಮುನಿದರೆ ಮರುವಾರವೇ ಗೊತ್ತಾಗುತ್ತದೆ, ಲೇಔಟಿನವರಿಗೆ ಹಾಗೆ ಗೊತ್ತಾಗುವುದಿಲ್ಲ. ಮುನಿದವನು ಸುಮ್ಮನೆ ತನ್ನ ಬೀಗರಿಗೆ, ಗೆಳೆಯರಿಗೆ ‘ಅಲ್ಲಿ ತಗೋಬ್ಯಾಡ್ರಿ’ ಎನ್ನುತ್ತಾನೆ. ಕೇಳದ ಹೊರತು ಆ ಮಾತು ಕಂಪನಿಯ ಕಿವಿಗೆ ಬೀಳದು.

‘ನಮ್ಮನ್ನು ನಿಮ್ಮ ಗೆಳೆಯರಿಗೆ ಶಿಫಾರಸು ಮಾಡುತ್ತೀರಾ, 0ಯಿಂದ 10ರೊಳಗೆ ಅಂಕ ಕೊಡಿ’ ಎಂಬ ಪ್ರಶ್ನೆ ನಿಮ್ಮ ಫೋನಿಗೂ ಬಂದಿರುತ್ತದೆ. ಇದನ್ನು 2003ರಲ್ಲಿ ಫ್ರೆಡ್ ರೈಕ್‌ಹೆಲ್ಡ್ ಎಂಬ ಅಮೆರಿಕದ ಸಲಹೆಗಾರ ಜನಪ್ರಿಯಗೊಳಿಸಿದ. 9-10 ಕೊಟ್ಟವರ ಶೇಕಡಾವಾರಿನಿಂದ 0-6 ಕೊಟ್ಟವರ ಶೇಕಡಾವಾರನ್ನು ಕಳೆದರೆ ಅಂಕ ಸಿಗುತ್ತದೆ. 7-8 ಲೆಕ್ಕಕ್ಕಿಲ್ಲ. (70 ಬಂದರೆ ಡಿಸ್ಟಿಂಕ್ಷನ್ ಎಂದು ಪೇಢೆ ಹಂಚುವ ನಮ್ಮೂರಲ್ಲಿ 7 ಕೊಟ್ಟವನು ಹೊಗಳಿದ್ದಾನೋ, ಸುಮ್ಮನಿದ್ದಾನೋ?) ಈ ಅಂಕವೂ ಮರೆಮಾಚುತ್ತದೆ. ಒಂದು ಕಂಪನಿಯನ್ನು 60 ಜನ ಮೆಚ್ಚಿ 20 ಜನ ಬೈದರೂ 40; ಇನ್ನೊಂದನ್ನು 40 ಜನ ಮೆಚ್ಚಿ ಯಾರೂ ಬೈಯದಿದ್ದರೂ 40. ಮೊದಲನೆಯದರಲ್ಲಿ 20 ಮನೆಗಳಲ್ಲಿ ಏನೋ ಹದಗೆಟ್ಟಿದೆ. ಉಪಯೋಗ ಇರುವುದು ಅಂಕದಲ್ಲಿ ಅಲ್ಲ, ಆ 20 ಜನ ‘ಯಾಕೆ’ ಎಂಬ ಪ್ರಶ್ನೆಗೆ ಬರೆದ ಎರಡು ಸಾಲಿನಲ್ಲಿ. ಎಂಟು ಜನ ‘ಖಾತೆ’ ಎಂದು ಬರೆದಿದ್ದರೆ ಮರುದಿನ ಬೆಳಿಗ್ಗೆ ಕಂಪನಿಯವರು ಏನು ಮಾಡಬೇಕೆಂದು ಹೇಳಿಕೊಡಬೇಕಿಲ್ಲ.

ಒಂದು ಎಚ್ಚರಿಕೆ ಮಾತ್ರ ಇದೆ. ಅಮೆರಿಕದ ಒಂದು ಹಣಕಾಸು ಸಂಸ್ಥೆಯ ಗ್ರಾಹಕರ ಮೇಲೆ ಢೋಲಾಕಿಯಾ ಮತ್ತು ಮಾರ್ವಿಟ್ಜ್ ಎಂಬ ಸಂಶೋಧಕರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೃಪ್ತಿಯ ಬಗ್ಗೆ ಫೋನಿನಲ್ಲಿ ಕೇಳಿಸಿಕೊಂಡವರು, ಕೇಳಿಸಿಕೊಳ್ಳದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಸಾಧ್ಯತೆಯಲ್ಲಿ ಹೊಸ ಖಾತೆ ತೆರೆದಿದ್ದರು. ಅಂದರೆ ‘ಹೇಗಿದ್ದೀರಿ’ ಎಂದು ಕೇಳುವುದೇ ಒಂದು ಮಾರಾಟ. ಕೇಳಿ, ಏನೂ ಸರಿಮಾಡದೆ ಬಿಟ್ಟರೂ ಕಂಪನಿಗೆ ಲಾಭವಾಗಬಹುದು ಎನ್ನುವುದು ಗ್ರಾಹಕರಾಗಿ ನಮಗೆ ತಿಳಿದಿರಲಿ.

ಯಾವ ಸ್ಟಾರಿಗೂ ಕಾಣದ್ದು

ಗ್ರಾಹಕ ತನಗೆ ಕಂಡದ್ದಕ್ಕೆ ಮಾತ್ರ ಅಂಕ ಕೊಡಬಲ್ಲ. ಟೈಲ್ಸ್ ಕಾಣುತ್ತದೆ, ಕಾಂಕ್ರೀಟಿನೊಳಗಿನ ಕಬ್ಬಿಣ ಕಾಣದು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಸತ್ತದ್ದನ್ನು ಈ ಊರು ಮರೆತಿಲ್ಲ. ಕಂಬದ ಬಲ, ಜಮೀನಿನ ಹಕ್ಕು, ಬಿನ್‌ಶೇತ್ಕಿ ಆಗಿದೆಯೇ ಇಲ್ಲವೇ ಎಂಬುದಕ್ಕೆ ಅಭಿಪ್ರಾಯ ಬೇಕಿಲ್ಲ, ದಾಖಲೆ ಬೇಕು.

ಆದ್ದರಿಂದ ಫಾರ್ವರ್ಡ್‌ನಲ್ಲಿ ಶೇ. 98ರ ಪಕ್ಕ ರೇರಾ ನೋಂದಣಿ ಸಂಖ್ಯೆ ಇದೆಯೇ ನೋಡಿ. 500 ಚದರ ಮೀಟರಿಗಿಂತ ದೊಡ್ಡ ಲೇಔಟಿಗೆ ನೋಂದಣಿಯಿಲ್ಲದೆ ಜಾಹೀರಾತು ಕೊಡುವುದೇ ಕಾನೂನುಬಾಹಿರ. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿದರೆ ಅನುಮೋದನೆಗಳು, ಮುಗಿಸಬೇಕಾದ ದಿನಾಂಕ ಸಿಗುತ್ತವೆ. ನಕ್ಷೆಗೆ ಒಪ್ಪಿಗೆ ಸಿಕ್ಕಿದೆಯೇ ಎಂದು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ವಿಚಾರಿಸಬಹುದು. ಇಸಿ ತೆಗೆಸಿ, ವಕೀಲರಿಗೆ ತೋರಿಸಿ. ಜಾಹೀರಾತಿನಲ್ಲಿ ಸುಳ್ಳು ಹೇಳಿದ್ದನ್ನು ನಂಬಿ ಮುಂಗಡ ಕೊಟ್ಟು ನಷ್ಟವಾದರೆ ಪರಿಹಾರ ಕೇಳಲು ರೇರಾ ಕಾಯ್ದೆಯ 12ನೇ ಕಲಮು ಇದೆ, ಹಾಗಾಗಿ ಆ ಫಾರ್ವರ್ಡ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಆಮೇಲೆ ನಿಮ್ಮದೇ ಸಮೀಕ್ಷೆ ಮಾಡಿ. ಕಂಪನಿಯ ಕಾರಿನಲ್ಲಿ ಅಲ್ಲ, ನಿಮ್ಮ ಗಾಡಿಯಲ್ಲಿ, ಸಾಧ್ಯವಾದರೆ ಮಳೆ ಬಂದ ಮರುದಿನ ಹೋಗಿ. ಅದೇ ಡೆವಲಪರ್ ಮೂರ್ನಾಲ್ಕು ವರ್ಷದ ಹಿಂದೆ ಮಾಡಿದ ಲೇಔಟಿಗೆ ಹೋಗಿ. ಅಲ್ಲಿ ಮನೆ ಕಟ್ಟಿಕೊಂಡು ಇರುವವರನ್ನು ‘ಖುಷಿಯಾಗಿದ್ದೀರಾ’ ಎಂದು ಕೇಳಬೇಡಿ. ನೀರು ಎಷ್ಟು ದಿನಕ್ಕೆ ಬರುತ್ತದೆ, ಖಾತೆ ಆಗಲು ಎಷ್ಟು ತಿಂಗಳು ಹಿಡಿಯಿತು, ದೂರು ಕೊಟ್ಟಾಗ ಫೋನ್ ಎತ್ತಿದರಾ ಎಂದು ಕೇಳಿ.

ಹೋದ ತಿಂಗಳು ನಮ್ಮ ಆ ನಿವೃತ್ತ ಶಿಕ್ಷಕರು ತಮ್ಮ ಸೈಟಿನ ಕಸ ತೆಗೆಸುತ್ತಿದ್ದಾಗ ಗಂಡ ಹೆಂಡತಿ ಇಬ್ಬರು ಗಾಡಿ ನಿಲ್ಲಿಸಿ, ‘ಇಲ್ಲಿ ತಗೊಂಡೋರು ನೀವೇ ಏನ್ರೀ?’ ಎಂದು ವಿಚಾರಿಸಿದರಂತೆ. ಅರ್ಧ ಗಂಟೆ ಮಾತಾಡಿದರು. ಆಮೇಲೆ ಅವರನ್ನು ಕರೆದುಕೊಂಡು ಹೋಗಿ, ಗಟಾರ ಎಲ್ಲಿಗೆ ನಿಂತಿದೆ ಎಂದು ತೋರಿಸಿದರು.