ಸೆಪ್ಟಿಕ್ ಟ್ಯಾಂಕಿನ ತಮ್ಮ

ಕೆನಡಾದ ವಿನ್ನಿಪೆಗ್ ನಗರದ ರೇ ಒಲೆಕೊ ಎಂಬಾತ 1960ರ ದಶಕದಲ್ಲಿ ಫೈಬರ್‌ಗ್ಲಾಸಿನ ಸೆಪ್ಟಿಕ್ ಟ್ಯಾಂಕ್ ತಯಾರಿಸಿದ್ದ. ಕಾಂಕ್ರೀಟಿನ ಟ್ಯಾಂಕಿಗಿಂತ ಅದು ಎಷ್ಟೋ ಹಗುರ, ಸೋರುವ ಭಯವೂ ಕಡಿಮೆ. ಒಳಗಿನ ಹೊಲಸನ್ನು ಹೊರಗೆ ಬಿಡದ ಗೋಡೆ ಹೊರಗಿನ ಮಳೆಯನ್ನು ಒಳಗೆ ಬಿಟ್ಟೀತೇ? ಸ್ಯಾಂಡರ್ ಡೂಸಾ ಎಂಬ ಜೊತೆಗಾರನೊಂದಿಗೆ ಸೇರಿ ಆತ ಅದೇ ಫೈಬರ್‌ಗ್ಲಾಸಿನಲ್ಲಿ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಮನೆಯೊಂದನ್ನು ಮಾಡಿದ. 1968ರಲ್ಲಿ ಹೊರಬಂದ ಆ ಟ್ರೇಲರಿನ ಉದ್ದ 13 ಅಡಿ, ತೂಕ 450 ಕಿಲೋ ಆಸುಪಾಸು. ಸಾಹೇಬರ ಬೌಲರ್ ಹ್ಯಾಟಿನ ಹಾಗಿದೆ ಎಂದು ಅದಕ್ಕೆ ಬೋಲರ್ ಎಂದೇ ಹೆಸರಾಯಿತು.

ಗಾಡಿಯಲ್ಲೇ ಬಿಡಾರ ಹೂಡಿ ಊರು ಸುತ್ತುವ ಖಯಾಲಿ ಅದಕ್ಕಿಂತ ಬಹಳ ಹಳೆಯದು. ಹುಡುಗರಿಗಾಗಿ ಸಾಹಸಕಥೆ ಬರೆಯುತ್ತಿದ್ದ ಸ್ಕಾಟ್ಲೆಂಡಿನ ವೈದ್ಯ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ‘ವಾಂಡರರ್’ ಎಂಬ ಕುದುರೆಗಾಡಿ ಮಾಡಿಸಿಕೊಂಡು ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್‌ನೆಸ್‌ವರೆಗೆ ಹೋದ. ಎಳೆಯಲು ಎರಡು ಕುದುರೆ, ಓಡಿಸಲು ಒಬ್ಬ, ಎದುರಿನವರನ್ನು ಎಚ್ಚರಿಸಲು ಮುಂದೆ ಮೂರು ಗಾಲಿಯ ಸೈಕಲ್ ತುಳಿಯುವ ಆಳು ಇನ್ನೊಬ್ಬ. ಸಾಲದೆಂಬಂತೆ ಒಂದು ನಾಯಿ, ಒಂದು ಗಿಣಿ! ಇಷ್ಟೆಲ್ಲ ಸರಂಜಾಮು ಹೊಂದಿಸಿಕೊಳ್ಳುವುದು ಉಳ್ಳವರಿಗೆ ಮಾತ್ರ ಸಾಧ್ಯವಿತ್ತು.

ಕಾರು ಬಂದ ಮೇಲೂ ಚೆಂದದ ಗಾಡಿ ಎಲ್ಲರ ಕೈಗೆಟುಕಲಿಲ್ಲ. 1927ರಲ್ಲಿ ವೈಮಾನಿಕ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನವಿತ್ತಲ್ಲ, ಅದರ ತಯಾರಿಕೆಯ ಉಸ್ತುವಾರಿ ನೋಡಿಕೊಂಡಿದ್ದ ಹಾಲೀ ಬೌಲಸ್ 1934ರಲ್ಲಿ ವಿಮಾನದ ಧಾಟಿಯಲ್ಲೇ ಅಲ್ಯೂಮಿನಿಯಂ ಟ್ರೇಲರ್ ಮಾಡಿದ. ಅದೇ ಜಾಡಿನಲ್ಲಿ 1936ರಲ್ಲಿ ವಾಲಿ ಬಯಮ್‌ನ ಏರ್‌ಸ್ಟ್ರೀಮ್ ಕ್ಲಿಪ್ಪರ್ ಬಂತು. ಕನ್ನಡಿಯಂಥ ಅದರ ಮೈ ನೋಡಿ ಮನಸೋಲದವರಿಲ್ಲ, ಬೆಲೆ ಕೇಳಿ ಹಿಂದೆ ಸರಿದವರೂ ಕಡಿಮೆಯಿಲ್ಲ. ಕೈಯಲ್ಲಿ ಹೆಚ್ಚು ಕಾಸಿಲ್ಲದವರು ಕಣ್ಣೀರ ಹನಿಯ ಆಕಾರದ ‘ಟಿಯರ್‌ಡ್ರಾಪ್’ ಗಾಡಿಯನ್ನು ತಾವೇ ಕಟ್ಟಿಕೊಂಡರು. 1947ರಲ್ಲಿ ‘ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್’ ಪತ್ರಿಕೆ ಅದರ ನಕ್ಷೆಯನ್ನೇ ಅಚ್ಚು ಹಾಕಿತ್ತು. ಒಳಗೆ ಮಲಗಲು ಮಾತ್ರ ಜಾಗ; ಒಲೆ ಇರುವುದು ಹಿಂಬದಿಯ ಮುಚ್ಚಳದ ಕೆಳಗೆ. ಅಡುಗೆ ಮಾಡುವವರು ಹೊರಗೆ ನಿಂತೇ ಮಾಡಬೇಕು, ಮಳೆಯಿರಲಿ ಬಿಸಿಲಿರಲಿ.

ಮಳೆ ಎಂದರೆ ದೊಡ್ಡ ಗಾಡಿಗಳಿಗೂ ದಿಗಿಲೇ. ಮರದ ಚೌಕಟ್ಟು, ಅದರ ಮೇಲೆ ತೆಳು ಅಲ್ಯೂಮಿನಿಯಂ ತಗಡು, ಸಂದುಗಳಿಗೆ ಮೆತ್ತಿದ ಅಂಟು: ಪೆಟ್ಟಿಗೆಯಾಕಾರದ ಮಾಮೂಲಿ ಟ್ರೇಲರ್ ಕಟ್ಟುತ್ತಿದ್ದುದು ಹೀಗೆ. ರಸ್ತೆಯಲ್ಲಿ ಕುಲುಕಿ ಕುಲುಕಿ ಅಂಟು ಬಿರಿಯುತ್ತದೆ. ಮೂಲೆಯಲ್ಲಿ ನೀರು ಜಿನುಗಿ ತಗಡಿನ ಹಿಂದೆ ಮರ ಕೊಳೆಯುತ್ತದೆ. ಗೋಡೆ ಮೆತ್ತಗಾಗಿದ್ದು ಕೈಗೆ ತಿಳಿಯುವ ಹೊತ್ತಿಗೆ ಒಳಗೆಲ್ಲ ಲಡ್ಡು ಹಿಡಿದಿರುತ್ತದೆ.

ಒಲೆಕೊನ ಗಾಡಿಯಲ್ಲಿ ಕೊಳೆಯುವಂಥ ಚೌಕಟ್ಟೇ ಇರಲಿಲ್ಲ. ಅಚ್ಚಿನ ಒಳಮೈಗೆ ಮೇಣ ತಿಕ್ಕಿ, ಮೊದಲು ಬಣ್ಣದ ಜೆಲ್‌ಕೋಟ್, ಅದರ ಮೇಲೆ ಗಾಜಿನ ನಾರು ಮತ್ತು ರಾಳದ ಪದರ ಹಚ್ಚಿ, ಗಟ್ಟಿಯಾದ ಮೇಲೆ ಬಿಡಿಸಿಕೊಳ್ಳುವುದು ಈ ಕೆಲಸದ ಕ್ರಮ. ಕೆಳಗಿನದೊಂದು, ಮೇಲಿನದೊಂದು, ಹೀಗೆ ಎರಡು ಹೋಳು. ಒಡೆದ ತೆಂಗಿನ ಚಿಪ್ಪನ್ನು ಮತ್ತೆ ಜೋಡಿಸಿದ ಹಾಗೆ ಅವನ್ನು ಕೂಡಿಸಿದರೆ ನಡುವಿನಲ್ಲಿ ಸುತ್ತಲೂ ಒಂದೇ ಬೆಸುಗೆ. ಅದೂ ಸೂರಿನಲ್ಲಿಲ್ಲ, ಪಕ್ಕದ ಗೋಡೆಯಲ್ಲಿ. ಹಾಗಾಗಿ ಮೇಲೆ ನೀರು ನಿಂತರೂ ಇಳಿಯಲು ಸಂದಿಲ್ಲ. ಗೋಡೆಯೇ ಭಾರ ಹೊರುವುದರಿಂದ ಮರದ ತೂಕವೂ ಉಳಿಯಿತು, ಸಣ್ಣ ಕಾರೇ ಎಳೆಯಲು ಸಾಕಾಯಿತು. ಹಗಲು ಊಟದ ಮೇಜಾಗಿದ್ದದ್ದು ರಾತ್ರಿ ಹಾಸಿಗೆಯಾಗುತ್ತದೆ. ಮುಂದಿನ ಸೋಫಾ ಮೇಲೊಂದು ಕೆಳಗೊಂದು ಮಂಚವಾಗುತ್ತದೆ. ಒಲೆ ಮತ್ತು ಸಿಂಕ್ ಒಳಗೇ ಇವೆ. ನಾಲ್ವರು ಮಲಗಬಹುದು ಅನ್ನುತ್ತಾರೆ. ನನ್ನನ್ನು ಕೇಳಿದರೆ ಇಬ್ಬರಿಗೆ ಸುಖ, ಮೂರನೆಯವರು ಮಗುವಾಗಿದ್ದರೆ ಅಡ್ಡಿಯಿಲ್ಲ.

ಗಡಿಯಾಚೆ ಅಮೆರಿಕದಲ್ಲೂ ಈ ಗಾಡಿಗೆ ಗಿರಾಕಿಗಳು ಸಿಕ್ಕರು. ಬೋಲರ್ ತಯಾರಿಸುವ ಪರವಾನಗಿ ಪಡೆದಿದ್ದ ಎವಲಂಡ್ ಕುಟುಂಬ 1970ರ ದಶಕದ ಆರಂಭದಲ್ಲಿ ಮಿನ್ನೆಸೋಟಾದ ಬ್ಯಾಕಸ್ ಎಂಬ ಪುಟ್ಟ ಊರಿನಲ್ಲಿ ‘ಸ್ಕ್ಯಾಂಪ್’ ಹೆಸರಿನಲ್ಲಿ ತನ್ನದೇ ಗಾಡಿ ತಂದಿತು. ಕೆನಡಾದಲ್ಲಿ ಟ್ರಿಲಿಯಂ, ಮುಂದೆ 1980ರ ದಶಕದಲ್ಲಿ ಟೆಕ್ಸಾಸಿನಲ್ಲಿ ಕಸೀಟಾ ಬಂದವು. ಇವನ್ನೆಲ್ಲ ಅಲ್ಲಿನವರು ಅಕ್ಕರೆಯಿಂದ ‘ಮೊಟ್ಟೆ’ಗಳು ಎನ್ನುತ್ತಾರೆ. ಬೋಲರ್ ತಯಾರಿಕೆ ನಿಂತು ದಶಕಗಳೇ ಕಳೆದವು. ಆದರೂ 2018ರಲ್ಲಿ, ಐವತ್ತು ತುಂಬಿದ ನೆಪದಲ್ಲಿ, ನೂರಾರು ಮೊಟ್ಟೆಗಳು ವಿನ್ನಿಪೆಗ್‌ಗೆ ಬಂದು ಜಮಾಯಿಸಿದವು.

ಗಟ್ಟಿ ಗೋಡೆ ಬೇಕೆನ್ನುವುದಕ್ಕೆ ಮಳೆಯೊಂದೇ ಕಾರಣವಲ್ಲ, ಕರಡಿಯೂ ಇದೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಫಿಶಿಂಗ್ ಬ್ರಿಜ್ ಬಿಡಾರದಲ್ಲಿ ಬಟ್ಟೆಯ ಡೇರೆಗೂ ಕ್ಯಾನ್ವಾಸ್ ಗೋಡೆಯ ಟ್ರೇಲರಿಗೂ ಪ್ರವೇಶವಿಲ್ಲ. ಅದು ಗ್ರಿಜ್ಲಿ ಕರಡಿಗಳು ಓಡಾಡುವ ಜಾಗ. ಕೆನಡಾದ ಲೇಕ್ ಲೂಯಿಸ್‌ನಲ್ಲಿ ಡೇರೆಯವರಿಗೆ ವಿದ್ಯುತ್ ಬೇಲಿಯ ಒಳಗೆ ಪ್ರತ್ಯೇಕ ಜಾಗವಿದೆ. ಕ್ಯಾನ್ವಾಸ್ ಗೋಡೆಯ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರು ಫಿಶಿಂಗ್ ಬ್ರಿಜ್‌ನಂಥ ಕಡೆ ಬಾಗಿಲಿಂದಲೇ ವಾಪಸಾಗಬೇಕಾಗುತ್ತದೆ.

ಅಮೆರಿಕ, ಕೆನಡಾದಲ್ಲಿ ನೆಲೆಸಿರುವ ನಮ್ಮವರು ಯಾರಾದರೂ ಹಳೆಯ ಮೊಟ್ಟೆ ಕೊಳ್ಳುವ ಯೋಚನೆಯಲ್ಲಿದ್ದರೆ ಪರದೆ, ದಿಂಬಿನ ಬಣ್ಣ ನೋಡಿ ಮರುಳಾಗಬೇಡಿ. ಮೊದಲು ಗಾಡಿಯ ಕೆಳಗೆ ತೂರಿ. ಚಿಪ್ಪು ಐವತ್ತು ವರ್ಷ ಬಾಳಿದರೂ ಅಡಿಯ ಕಬ್ಬಿಣ ಬಾಳಿರಬೇಕೆಂದಿಲ್ಲ. ಬೋಲರ್‌ಗಳಲ್ಲಿ ಮುಂದಿನ ಕೊಂಡಿಯ ತೋಳು ಚಾಸಿಗೆ ಸೇರುವ ಕಡೆ ಬಿರುಕು ಬಿಡುವುದು ಹಳೆಯ ಕಾಯಿಲೆ. ಚಕ್ರಗಳ ಅಚ್ಚಿನೊಳಗಿನ ರಬ್ಬರ್ ಸವೆದಿದ್ದರೆ ಗಾಡಿ ಚಕ್ರದ ಮೇಲೆ ಕುಸಿದು ಕೂತಿರುತ್ತದೆ. ಅದನ್ನು ರಿಪೇರಿ ಮಾಡಲಾಗದು, ಅಚ್ಚನ್ನೇ ಬದಲಿಸಬೇಕು. ಖಾಲಿ ಗಾಡಿಯ ತೂಕ ನಂಬಿ ಲೆಕ್ಕ ಹಾಕಬೇಡಿ. ನೀರು, ಗ್ಯಾಸ್ ಸಿಲಿಂಡರ್, ಪಾತ್ರೆಪಡಗ ತುಂಬಿದ ಮೇಲೆ ವೇಬ್ರಿಜ್‌ಗೆ ಒಯ್ಯಿರಿ. ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು. ಸಾಮಾನೆಲ್ಲ ಹಿಂದೆ ಪೇರಿಸಿದರೆ ಗಾಡಿ ಹೆದ್ದಾರಿಯಲ್ಲಿ ಬಾಲ ಅಲ್ಲಾಡಿಸತೊಡಗಿ ಕಾರನ್ನೂ ಎಳೆದಾಡುತ್ತದೆ. ಟೈರನ್ನು ಹೊಳಪು ನೋಡಿ ಒಪ್ಪಬೇಡಿ. ಅದರ ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿ ಓದಿ: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು.