ಕಳೆದ ಪತ್ತನ್ನು ಮರಳಿ ಗಳಿಸುವುದು ಹೇಗೆ?

ನಿಮ್ಮ ಊರಿನಲ್ಲಿ 'ಪತ್ತಿನ ಸಹಕಾರಿ ಸಂಘ' ಎಂಬ ಫಲಕವನ್ನು ಓದಿರುತ್ತೀರಿ. ಪತ್ತು ಎಂದರೆ ಸಾಲ ಕೊಡುವವರಿಗೆ ನಮ್ಮ ಮೇಲಿರುವ ನಂಬಿಕೆ. ಇಂದು ಅದನ್ನು ಅಂಕದಲ್ಲಿ ಅಳೆಯುತ್ತಾರೆ. 2000ರಲ್ಲಿ ಸ್ಥಾಪನೆಯಾದ ಸಿಬಿಲ್ ಸಂಸ್ಥೆಯ ಅಂಕ 300ರಿಂದ 900ರವರೆಗೆ ಇರುತ್ತದೆ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಮೂಡಲಗಿ, ಗೋಕಾಕ ತಾಲೂಕುಗಳ ಹೊಲ-ಮನೆಗಳಿಗೆ ನೀರು ನುಗ್ಗಿತು. ಇಂಥ ಸಂಕಟದಲ್ಲಿ ಕಂತು ತಪ್ಪುವುದು ಅಪರಾಧವಲ್ಲ. ಆದರೆ ಬ್ಯಾಂಕಿಗೆ ಹೋಗಿ ಕಂತುಗಳ ಮರುಹೊಂದಾಣಿಕೆ ಕೇಳದೆ ಸುಮ್ಮನಿದ್ದರೆ, ತಪ್ಪಿದ ಕಂತುಗಳೆಲ್ಲ ದಾಖಲಾಗಿ ಅಂಕ ಕುಸಿಯುತ್ತದೆ. ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ತಂದೆ ಅಥವಾ ತಾಯಿ ಸಹ-ಸಾಲಗಾರರು. ಅವರ ಹಳೆಯ ಬಾಕಿ ನಿಮ್ಮ ಓದಿಗೂ ಅಡ್ಡಬರಬಹುದು.

ಇದಕ್ಕೆ ಪರಿಹಾರವೇನು? ಮೊದಲು ವರದಿ ತರಿಸಿ ನೋಡಿರಿ. ವರ್ಷಕ್ಕೊಮ್ಮೆ ಅದು ಉಚಿತ. ಸ್ವಂತ ವರದಿ ನೋಡಿದರೆ ಅಂಕ ಇಳಿಯದು. ತೀರಿಸಿದ ಸಾಲ ಬಾಕಿಯೆಂದೇ ಇದ್ದರೆ ದೂರು ಕೊಡಿರಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ.

ಎರಡನೆಯದಾಗಿ, ಸಾಧ್ಯವಾದರೆ ಬಾಕಿಯನ್ನು ಪೂರ್ತಿ ತೀರಿಸಿ ಬೇಬಾಕಿ ಪತ್ರ ಪಡೆಯಿರಿ. ಕಡಿಮೆ ಹಣಕ್ಕೆ ರಾಜಿಯಾದರೆ ಆ ಗುರುತು ವರದಿಯಲ್ಲಿ ಉಳಿಯುತ್ತದೆ. ಮೂರನೆಯದಾಗಿ, ಮುಂದೆ ಅಗತ್ಯಕ್ಕೆ ತೆಗೆದ ಸಾಲ ಚಿಕ್ಕದಿದ್ದರೂ ಗಡುವಿನೊಳಗೆ ಕಟ್ಟಿರಿ.

ಹಣ ಕೊಟ್ಟರೆ ಅಂಕ ಏರಿಸುತ್ತೇವೆ ಎನ್ನುವವರನ್ನು ನಂಬಬೇಡಿರಿ. ನೆರೆ ಇಳಿದ ಹೊಲ ಹದಕ್ಕೆ ಬರಲು ಹಂಗಾಮು ಬೇಕು. ಪತ್ತಿಗೂ ಹಾಗೆಯೇ, ಕಂತಿನ ಮೇಲೆ ಕಂತು ಕಟ್ಟಿಯೇ ಅದು ಮರಳಿ ಬರುತ್ತದೆ.